ಶಾಲೆಗೆ ಬೀಗ ಬೀಳುವ ಮುನ್ನ



ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿರುವ ನಾವೆಲ್ಲ ಇಂದು ನಮ್ಮ ಬೀದಿಯ ಸರ್ಕಾರಿ ಶಾಲೆಗಳ ಬಗ್ಗೆ ನಾಲ್ಕು ಮಾತು ಆಡೋಣ.

ಬೇ ಏರಿಯಾದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಹುಟ್ಟುವ ಮಕ್ಕಳೇ ಕಡಿಮೆ. ಮನೆ ಬಾಡಿಗೆ ಕಟ್ಟಲಾರದೆ ಊರು ಬಿಡುವ ಕುಟುಂಬಗಳೂ ಹಲವು. ಇಲ್ಲಿನ ಬಹುತೇಕ ಶಾಲೆಗಳಿಗೆ ಹಣ ಬರುವುದು ಮಕ್ಕಳ ಹಾಜರಿಯ ಲೆಕ್ಕದಲ್ಲಿ. ಹೀಗಾಗಿ 2021ರಲ್ಲಿ ಕ್ಯುಪರ್ಟಿನೋ ಶಾಲಾ ಜಿಲ್ಲೆಯಲ್ಲಿ ರೆಗ್ನಾರ್ಟ್ ಮತ್ತು ಮೈಯರ್‌ಹೋಲ್ಜ್ ಶಾಲೆಗಳನ್ನು ಮುಚ್ಚುವ ತೀರ್ಮಾನವಾಯಿತು. 2024ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಾಲೆಗಳ ಪಟ್ಟಿ ಹೊರಬಿತ್ತು. ಪಾಲಕರ ಕೂಗಿಗೆ ಅದೇ ತಿಂಗಳು ಯೋಜನೆ ನಿಂತಿತು, ಸೂಪರಿಂಟೆಂಡೆಂಟರೂ ರಾಜೀನಾಮೆ ಕೊಟ್ಟರು.

ಇದು ನಮಗೆ ಹೊಸ ಮಾತಲ್ಲ. ಕರ್ನಾಟಕದಲ್ಲಿ ಇದಕ್ಕೆ 'ವಿಲೀನ' ಎಂಬ ಹೆಸರು. 2012ರಲ್ಲಿ ಮಕ್ಕಳು ಕಡಿಮೆ ಇದ್ದ ಕನ್ನಡ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸಲು ಸರ್ಕಾರ ಹೊರಟಾಗ ಸಾಹಿತಿಗಳು ಪ್ರತಿಭಟಿಸಿದರು. ಅಲ್ಲಿನ ತಾಯಂದಿರ ಪ್ರಶ್ನೆ ಒಂದೇ: ಮಳೆಗಾಲದಲ್ಲಿ ಮಗು ಹಳ್ಳ ದಾಟುವುದು ಹೇಗೆ? ಇಲ್ಲಿ ಹಳ್ಳದ ಬದಲು ಎಲ್ ಕಮಿನೊ ರಿಯಲ್ ರಸ್ತೆ ಇದೆ, ಅಷ್ಟೇ. ಹಳದಿ ಬಸ್ಸು ಇಲ್ಲಿ ಎಲ್ಲ ಮಕ್ಕಳಿಗೂ ಇಲ್ಲ.

ಮಂಡಳಿಯವರನ್ನು ಬೈದು ಪ್ರಯೋಜನವಿಲ್ಲ. ಅರ್ಧ ಖಾಲಿಯಾದ ಶಾಲೆಗೂ ಪ್ರಿನ್ಸಿಪಾಲರು, ಕಚೇರಿ, ಸೂರಿನ ದುರಸ್ತಿ ಬೇಕೇ ಬೇಕು. ಆದರೆ ದೊಡ್ಡ ಖರ್ಚು ಸಂಬಳದ್ದು. ಮಕ್ಕಳ ಜೊತೆ ಶಿಕ್ಷಕರೂ ಹೊಸ ಶಾಲೆಗೆ ಹೋದರೆ ಆ ಖರ್ಚು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ನಾವು ಕೇಳಬೇಕು: ನಿಜವಾಗಿ ಉಳಿಯುವ ಹಣ ಎಷ್ಟು? ಆ ಹಣದಿಂದ ಮಗುವಿಗೆ ಸಿಗುವುದೇನು? ವಿಶೇಷ ನೆರವು ಬೇಕಾದ ಮಕ್ಕಳ ಗತಿಯೇನು? ಖಾಲಿ ಕಟ್ಟಡ ಯಾರ ಪಾಲಿಗೆ?

"ನಮಗೆ ಓಟೇ ಇಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ?" ಎನ್ನುವ ಕುಟುಂಬಗಳು ನಮ್ಮಲ್ಲಿ ಬಹಳ. ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆ 1953ರಿಂದ ಇದೆ. ಅದರ ಪ್ರಕಾರ ಶಾಲಾ ಮಂಡಳಿಯ ಬಹಿರಂಗ ಸಭೆಯಲ್ಲಿ ಯಾರು ಬೇಕಾದರೂ ಮಾತನಾಡಬಹುದು. ಅಲ್ಲಿ ವೀಸಾ ಕೇಳುವುದಿಲ್ಲ.

ಆದರೆ ಹೊತ್ತು ಮೀರಬಾರದು. ಓಕ್ಲೆಂಡ್‌ನಲ್ಲಿ 2022ರ ಫೆಬ್ರವರಿಯಲ್ಲಿ ಶಾಲೆಗಳನ್ನು ಮುಚ್ಚುವ ನಿರ್ಣಯವಾಯಿತು. ಶಿಕ್ಷಕರು ಉಪವಾಸ ಕೂತರು, ಚುನಾವಣೆಯಲ್ಲಿ ಮಂಡಳಿ ಬದಲಾಯಿತು, 2023ರ ಜನವರಿಯಲ್ಲಿ 5 ಶಾಲೆಗಳು ಉಳಿದವು. ಅಷ್ಟರಲ್ಲಿ 2 ಶಾಲೆಗಳಿಗೆ ಬೀಗ ಬಿದ್ದಾಗಿತ್ತು.

ನಮ್ಮ ಮಕ್ಕಳು ಕಾಲೇಜು ಸೇರಿದ ಮೇಲೂ ಆ ಬೀದಿಯಲ್ಲಿ ಇನ್ನೊಬ್ಬರ ಮಕ್ಕಳು ಇರುತ್ತಾರೆ. ಆದ್ದರಿಂದ ತಿಂಗಳಿಗೊಂದು ಸಂಜೆ, ಮನೆಗೊಬ್ಬರು ಮಂಡಳಿಯ ಸಭೆಗೆ ಹೋಗೋಣ. ಮುಚ್ಚಲೇಬೇಕಾದರೆ ನ್ಯಾಯವಾಗಿ ಮುಚ್ಚಲಿ. ನಮ್ಮ ಮಾತು ಕೇಳದೆ ಮುಚ್ಚುವುದು ಬೇಡ.