ಭಯವೋ, ದ್ವೇಷವೋ?

2019ರ ಮಾರ್ಚ್ 15. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಒಬ್ಬ ಗುಂಡಿನ ಮಳೆಗರೆದ. 51 ಜನ ಸತ್ತರು. 2022ರಲ್ಲಿ ವಿಶ್ವಸಂಸ್ಥೆ ಅದೇ ಮಾರ್ಚ್ 15ನ್ನು ‘ಇಸ್ಲಾಮೋಫೋಬಿಯಾ’ ವಿರುದ್ಧದ ದಿನ ಅಂತ ಘೋಷಿಸಿತು. ಒಂದೇ ಧರ್ಮದ ಹೆಸರು ಯಾಕೆ, ಹಿಂದೂ, ಬೌದ್ಧ, ಸಿಖ್ಖರ ಮೇಲಿನ ದ್ವೇಷ ಲೆಕ್ಕಕ್ಕಿಲ್ವಾ ಅಂತ ಭಾರತ ಆಕ್ಷೇಪ ಎತ್ತಿತು. ನ್ಯಾಯವಾದ ಮಾತೇ.

ನನ್ನ ತಕರಾರು ಬೇರೆ. ಫೋಬಿಯಾ ಅಂದ್ರೆ ಭಯ. ಧರ್ಮದ ಕಟ್ಟಳೆಯನ್ನು ಪ್ರಶ್ನೆ ಮಾಡಿದವನಿಗೂ ಅದೇ ಹಣೆಪಟ್ಟಿ, ಬಂದೂಕು ಹಿಡಿದು ಮಸೀದಿಗೆ ನುಗ್ಗಿದವನಿಗೂ ಅದೇ ಹಣೆಪಟ್ಟಿ! ಒಂದು ಅಭಿಪ್ರಾಯ, ಇನ್ನೊಂದು ಕೊಲೆ. ಹಾಗಂತ, ಪದ ಸರಿಯಿಲ್ಲ ಅಂದ ಮಾತ್ರಕ್ಕೆ ಹಗೆಯೇ ಇಲ್ಲ ಅನ್ನೋದೂ ಸುಳ್ಳು. ಧರ್ಮವನ್ನು ಪ್ರಶ್ನಿಸಿ, ತಪ್ಪಿಲ್ಲ. ಹೆಸರು ಕೇಳಿದ ಕೂಡಲೇ ಬಾಡಿಗೆಗೆ ಮನೆ ಇಲ್ಲ ಅಂದ್ರೆ? ಅದು ಭಯವಲ್ಲ ಸ್ವಾಮಿ, ಮುಸ್ಲಿಂ ದ್ವೇಷ. ಹಾಗೆಂದೇ ಕರೆಯೋಣ.