ಬ್ಲಾಕ್, ರೋಡ್, ಬಿಲ್ಡಿಂಗ್: ನೆಟ್‌ವರ್ಕ್‌ಗೆ ವಿಳಾಸ ಹಾಕುವ ಬಗೆ

(ಬಹ್ರೈನ್‌ನಲ್ಲಿ ಐಟಿ ಮತ್ತು ಸಿಸಿಟಿವಿ ಕೆಲಸದಲ್ಲಿರುವ ಯುವಕರಿಗಾಗಿ ಮಾಡಿದ ಭಾಷಣದ ಲಿಖಿತ ರೂಪ)



ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕೇಬಲ್ ಎಳೆಯುವವರು, ಕ್ಯಾಮರಾ ಕೂರಿಸುವವರು, ರೂಟರ್ ಹಾಕುವವರು. ನಾವೂ ಅದೇ ಕೆಲಸದಿಂದ ಬಂದವರು. ಕೈಕೆಲಸದಲ್ಲಿ ನಮ್ಮವರು ಯಾರಿಗೂ ಕಡಿಮೆ ಇಲ್ಲ. ಆದರೆ ಕಂಪನಿ ಎರಡನೇ ಬ್ರಾಂಚ್ ತೆರೆಯುವಾಗ ಪ್ಲ್ಯಾನ್ ಮಾಡಲು ಹೊರಗಿನಿಂದ ಒಬ್ಬ ಎಂಜಿನಿಯರ್ ಬರುತ್ತಾನೆ. ಕಾಗದದಲ್ಲಿ ನಾಲ್ಕು ಸಾಲು ಬರೆದು ಹೋಗುತ್ತಾನೆ. ಏಣಿ ಹತ್ತುವುದು ಪುನಃ ನಾವೇ. ಸಂಬಳದ ವ್ಯತ್ಯಾಸ ಆ ನಾಲ್ಕು ಸಾಲಿನಲ್ಲೇ ಉಂಟು. ಅದನ್ನು ಬರೆಯುವುದು ಹೇಗೆ ಎಂಬುದೇ ಇವತ್ತಿನ ಮಾತು.

ಸಬ್‌ನೆಟ್ ಅಂದ ಕೂಡಲೇ ಕೆಲವರಿಗೆ ತಲೆಬಿಸಿ. ಆದರೆ ಇಲ್ಲಿ ಡೆಲಿವರಿಗೆ ಹೋದವರಿಗೆ ಅದು ಆಗಲೇ ಗೊತ್ತುಂಟು. ಬಹ್ರೈನ್‌ನ ವಿಳಾಸ ಅಂದರೆ ಬಿಲ್ಡಿಂಗ್, ರೋಡ್, ಬ್ಲಾಕ್. ಬ್ಲಾಕ್ ನಂಬರ್ 2ರಿಂದ ಶುರುವಾದರೆ ಮುಹರ್ರಕ್ ಕಡೆ, 3ರಿಂದ ಶುರುವಾದರೆ ಮನಾಮ ಕಡೆ. ಅದ್ಲಿಯಾದ ಬ್ಲಾಕ್ 338ರಲ್ಲಿ ರೋಡ್ 3803 ಉಂಟು, ಸೀಫ್‌ನ ಬ್ಲಾಕ್ 428ರಲ್ಲಿ ರೋಡ್ 2825. ಬ್ಲಾಕ್‌ನ ಕೊನೆಯ ಎರಡು ಅಂಕೆಯೇ ರೋಡ್‌ನ ಮೊದಲ ಎರಡು ಅಂಕೆ. ನಂಬರ್ ನೋಡಿದರೆ ಸಾಕು, ಬೈಕ್ ಯಾವ ಕಡೆ ತಿರುಗಿಸಬೇಕೆಂದು ಗೊತ್ತಾಗುತ್ತದೆ. ರೂಟರ್‌ಗೆ ಬೇಕಾದದ್ದೂ ಇಷ್ಟೇ.

ಐಪಿ ವಿಳಾಸದಲ್ಲಿ 32 ಬಿಟ್. ಅದನ್ನು ನಾಲ್ಕು ಭಾಗ ಮಾಡಿ ಬರೆಯುತ್ತೇವೆ, ಪ್ರತಿಯೊಂದೂ 0ಯಿಂದ 255ರೊಳಗೆ. ಕೊನೆಗೆ ಹಾಕುವ /24 ಅಥವಾ /26 ಹೇಳುವುದು ಒಂದೇ ವಿಷಯ: ಎಲ್ಲಿಯವರೆಗೆ ಬ್ಲಾಕ್-ರೋಡ್, ಎಲ್ಲಿಂದ ಬಿಲ್ಡಿಂಗ್. /24ರಲ್ಲಿ 256 ನಂಬರ್. ಮೊದಲನೆಯದು ನೆಟ್‌ವರ್ಕ್‌ನ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕರೆಯಲು. ಉಳಿದದ್ದು 254. ಒಂದೊಂದು ಬಿಟ್ ಹೆಚ್ಚಾದ ಹಾಗೆ ಜಾಗ ಅರ್ಧ ಆಗುತ್ತದೆ: /25ರಲ್ಲಿ 126, /26ರಲ್ಲಿ 62, /27ರಲ್ಲಿ 30. ಇಷ್ಟು ಬಾಯಿಪಾಠ ಇದ್ದರೆ ಅರ್ಧ ಕೆಲಸ ಮುಗಿಯಿತು ಮಾರ್ರೆ.

ಈಗ ಕಷ್ಟ ಎಲ್ಲಿ ಬರುತ್ತದೆ ನೋಡುವ. ಮನಾಮದಲ್ಲಿ ಒಂದು ಕೋಲ್ಡ್ ಸ್ಟೋರ್ ಉಂಟು ಅಂತ ಇಟ್ಟುಕೊಳ್ಳಿ. ರೂಟರ್ ಪೆಟ್ಟಿಗೆಯಿಂದ ತೆಗೆದು ಹಾಕಿದ್ದು, ವಿಳಾಸ 192.168.1. ವ್ಯಾಪಾರ ಬೆಳೆಯಿತು, ಮುಹರ್ರಕ್‌ನಲ್ಲಿ ಇನ್ನೊಂದು ಅಂಗಡಿ, ಸಲ್ಮಾಬಾದ್‌ನಲ್ಲಿ ಗೋಡೌನ್. ಅಲ್ಲಿಯೂ ಪೆಟ್ಟಿಗೆಯಿಂದ ತೆಗೆದು ಹಾಕಿದ್ದೇ, ಅದೇ 192.168.1. ಮೂರೂ ಬೇರೆ ಬೇರೆ ಇರುವಷ್ಟು ದಿನ ಏನೂ ತೊಂದರೆ ಇಲ್ಲ. ಸ್ಟಾಕ್ ಒಂದೇ ಕಂಪ್ಯೂಟರಿನಲ್ಲಿ ನೋಡಬೇಕು ಅಂತ ಮಾಲಕರು ಹೇಳಿದ ದಿನ ವಿಪಿಎನ್ ಹಾಕುತ್ತೇವೆ. ಮುಹರ್ರಕ್‌ನ ಬಿಲ್ಲಿಂಗ್ ಕಂಪ್ಯೂಟರ್ ಮನಾಮದ ಸರ್ವರನ್ನು ಹುಡುಕುವಾಗ ವಿಳಾಸ ತನ್ನದೇ ಅಂಗಡಿಯದ್ದು ಅಂತ ಕಾಣುತ್ತದೆ, ಹಾಗಾಗಿ ಮಾತು ಹೊರಗೇ ಹೋಗುವುದಿಲ್ಲ. ಒಂದೇ ಬ್ಲಾಕ್ ನಂಬರನ್ನು ಮೂರು ಊರಿಗೆ ಕೊಟ್ಟ ಹಾಗಾಯಿತು.

ಇದಕ್ಕೆ ಖರ್ಚಿಲ್ಲದ ಪರಿಹಾರ ಉಂಟು. 1996ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ 10ರಿಂದ ಶುರುವಾಗುವ ಅಷ್ಟೂ ವಿಳಾಸ, 172.16ರಿಂದ 172.31ರವರೆಗಿನದ್ದು, ಮತ್ತೆ 192.168ರದ್ದು ಒಳಗಿನ ಬಳಕೆಗೆ ಉಚಿತ. 10ರದ್ದು ಒಂದರಲ್ಲೇ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಉಂಟು. ಕೊರತೆ ಇರುವುದು ಹೊರಗಿನ ವಿಳಾಸಕ್ಕೆ. ಬಹ್ರೈನ್‌ಗೂ ವಿಳಾಸ ಹಂಚುವ ರೈಪ್ ಎನ್‌ಸಿಸಿ ಸಂಸ್ಥೆಯ ಐಪಿವಿ4 ದಾಸ್ತಾನು 2019ರ ನವೆಂಬರ್ 25ರಂದು ಮುಗಿಯಿತು. ಒಳಗೆ ಪಿಸುಣತನ ಮಾಡಬೇಕಾಗಿಲ್ಲ.

ಹಾಗಾಗಿ ನಾವು ಬರೆಯುವುದು ಹೀಗೆ. ಮುಹರ್ರಕ್‌ಗೆ 10.2, ಮನಾಮಕ್ಕೆ 10.3, ಸಲ್ಮಾಬಾದ್‌ಗೆ 10.7. ಅಲ್ಲಿನ ಬ್ಲಾಕ್ ನಂಬರಿನ ಮೊದಲ ಅಂಕೆಯೇ ಆದ್ದರಿಂದ ಯಾರೂ ಮರೆಯುವುದಿಲ್ಲ. ಮೂರನೇ ಭಾಗ ರೋಡ್ ಇದ್ದ ಹಾಗೆ: 10 ಆಫೀಸಿಗೆ, 20 ಬಿಲ್ಲಿಂಗ್ ಕೌಂಟರಿಗೆ, 30 ಕ್ಯಾಮರಾಕ್ಕೆ, 40 ಗಿರಾಕಿಗಳ ವೈಫೈಗೆ. 10.7.30.12 ಅಂದರೆ ಸಲ್ಮಾಬಾದ್ ಗೋಡೌನಿನ ಕ್ಯಾಮರಾ, ಫೋನಿನಲ್ಲೇ ಹೇಳಬಹುದು. ವಿಲ್ಯಾನ್ ನಂಬರೂ ಅದೇ 10, 20, 30, 40 ಇರಲಿ. ನಡುವೆ ಜಾಗ ಬಿಟ್ಟದ್ದು ಬೇಕೆಂದೇ, ನಾಳೆ ಫೋನ್ ವ್ಯವಸ್ಥೆ ಬಂದರೆ 15 ಖಾಲಿ ಉಂಟು.

ಒಂದು ಎಚ್ಚರ. ವಿಳಾಸ ಬೇರೆ ಮಾಡಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಸ್ವಿಚ್‌ನಲ್ಲಿ ವಿಲ್ಯಾನ್ ಬೇರೆ ಮಾಡಬೇಕು, 40ರಿಂದ 20ಕ್ಕೆ ಹೋಗಬಾರದೆಂದು ಫೈರ್‌ವಾಲ್‌ನಲ್ಲಿ ಬರೆಯಬೇಕು. ಇಲ್ಲದಿದ್ದರೆ ರೂಟರ್ ತಾನೇ ದಾರಿ ಬಿಟ್ಟುಕೊಡುತ್ತದೆ.

ಗಿರಾಕಿಗಳ ವೈಫೈಯದ್ದು ಬೇರೆ ಕಥೆ. ಶುಕ್ರವಾರ ಸಂಜೆ ರೆಸ್ಟೋರೆಂಟ್ ತುಂಬಿದಾಗ "ವೈಫೈ ಬರುತ್ತಿಲ್ಲ" ಅಂತ ಫೋನ್ ಬರುತ್ತದೆ. ಸಿಗ್ನಲ್ ಪೂರ್ತಿ ಇರುತ್ತದೆ, ಖಾಲಿಯಾದದ್ದು ವಿಳಾಸ. ಒಬ್ಬ ಬಂದು ಹೋದರೂ ಅವನ ನಂಬರ್ 24 ಗಂಟೆ ಅವನ ಹೆಸರಿನಲ್ಲೇ ಇದ್ದರೆ 254 ಎಷ್ಟು ಹೊತ್ತು ಸಾಕಾದೀತು? ಅವಧಿಯನ್ನು 2 ಗಂಟೆಗೆ ಇಳಿಸಿ. ಆಗಲೂ ಸಾಲದಿದ್ದರೆ /23 ಮಾಡಿ, 510 ಸಿಗುತ್ತದೆ. /23 ಶುರುವಾಗುವುದು ಸಮ ಸಂಖ್ಯೆಯಿಂದ ಮಾತ್ರ: 40 ಮತ್ತು 41 ಜೋಡಿ ಆಗುತ್ತದೆ, 41 ಮತ್ತು 42 ಆಗುವುದಿಲ್ಲ. ಇಂಟರ್‌ವ್ಯೂನಲ್ಲಿ ಇದನ್ನು ಕೇಳಬಹುದು.

2019ರ ಜುಲೈಯಲ್ಲಿ ಅಮೆಜಾನ್ ತನ್ನ ಕ್ಲೌಡ್ ಕೇಂದ್ರವನ್ನು ಬಹ್ರೈನ್‌ನಲ್ಲಿ ತೆರೆದಿದೆ. ಅಲ್ಲಿ ತಾನಾಗಿ ಸಿಗುವ ನೆಟ್‌ವರ್ಕ್ 172.31.0.0/16. ಅಕೌಂಟ್ಸ್ ಸಾಫ್ಟ್‌ವೇರ್ ಮುಂದೆ ಅಲ್ಲಿಗೆ ಹೋಗುವುದಾದರೆ ಅಂಗಡಿಯಲ್ಲಿ 172.31 ಬಳಸದಿರುವುದೇ ಒಳ್ಳೆಯದು.

ಈ ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡಿ: ಜಾಗ, ಸಬ್‌ನೆಟ್, ವಿಲ್ಯಾನ್, ಗೇಟ್‌ವೇ, ಯಾವುದಕ್ಕೆ, ಯಾವಾಗ ಬದಲಾಯಿತು. ಪಾಸ್‌ವರ್ಡ್ ಅದರಲ್ಲಿ ಬೇಡ. "ನಾನೊಬ್ಬನಿಗೇ ಗೊತ್ತಿದ್ದರೆ ಕೆಲಸ ಗಟ್ಟಿ" ಎನ್ನುವವರಿದ್ದಾರೆ. ನಮ್ಮ ಅನುಭವದಲ್ಲಿ ಅಂಥವರಿಗೆ ರಜೆಯೂ ಗಟ್ಟಿಯಿಲ್ಲ. ಊರಿನಲ್ಲಿ ತಂಗಿಯ ಮದುವೆ ಚಪ್ಪರದಲ್ಲಿ ನಿಂತು ಪ್ರಿಂಟರ್‌ನ ಐಪಿ ಹೇಳಬೇಕಾಗುತ್ತದೆ.

ಹಳೆಯ ಅಂಗಡಿಯನ್ನು ಬದಲಾಯಿಸುವುದಾದರೆ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಕೀಳಬೇಡಿ. ಮೊದಲು ಗಿರಾಕಿಗಳ ವೈಫೈ, ಮತ್ತೆ ಕ್ಯಾಮರಾ, ಬಿಲ್ಲಿಂಗ್ ಕೌಂಟರ್ ಕೊನೆಗೆ, ಅದೂ ಅಂಗಡಿ ಮುಚ್ಚಿದ ಮೇಲೆ. ಕಂಪ್ಯೂಟರ್, ಫೋನುಗಳು ಹೊಸ ವಿಳಾಸವನ್ನು ತಾವೇ ತೆಗೆದುಕೊಳ್ಳುತ್ತವೆ. ಪ್ರಿಂಟರ್, ಕ್ಯಾಮರಾ ರೆಕಾರ್ಡರ್, ಹಾಜರಿಯ ಬೆರಳಚ್ಚು ಯಂತ್ರ ಇವುಗಳಿಗೆ ಹೆಚ್ಚಾಗಿ ಕೈಯಲ್ಲಿ ಹಾಕಿದ ವಿಳಾಸ ಇರುತ್ತದೆ. ಅವನ್ನು ಹುಡುಕಿ ಮೊದಲೇ ಪಟ್ಟಿ ಮಾಡಿಕೊಳ್ಳಿ.