ದೋಣಿಯಲ್ಲಿ ಕುಳಿತ ಹುಡುಗ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಅಮೆರಿಕದ ಚಿತ್ರಕಾರನೊಬ್ಬನ ವಿಷಯವಾಗಿ ಮಾತನಾಡುತ್ತೇನೆಂದು ನಾನು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಒಂದು ಗಳಿಗೆ ಸುಮ್ಮನಾದರು. “ಯಾವ ಸೀಮೆಯವನು, ಮೇಷ್ಟ್ರೇ?” ಎಂದು ಕೇಳಿದರು. “ಮಿಸ್ಸೂರಿ” ಎಂದೆ. ಅವರ ಕಿವಿಗೆ ಅದು ಮೈಸೂರೆಂದು ಕೇಳಿಸಿರಬೇಕು; “ಹಾಗಾದರೆ ಧಾರಾಳವಾಗಿ ಮಾತನಾಡಿ” ಎಂದು ಒಪ್ಪಿಗೆ ಕೊಟ್ಟುಬಿಟ್ಟರು. ಆ ಒಪ್ಪಿಗೆಯ ಬಲದಿಂದಲೇ ಇಂದು ತಮ್ಮ ಮುಂದೆ ನಿಂತಿದ್ದೇನೆ.

ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣ ಇಷ್ಟೇ. ಈ ಚಿತ್ರಕಾರನು ಎಂಟು ವರ್ಷದ ಬಾಲಕನಾಗಿದ್ದಾಗ ಅವನ ತಂದೆತಾಯಿಗಳು ಹುಟ್ಟಿದ ನಾಡನ್ನು ಬಿಟ್ಟು ದೂರದ ನಾಡಿಗೆ ಬಂದರು. ಅಲ್ಲಿ ಬೆಳೆದ ಆ ಬಾಲಕನು ಮುಂದೆ ಆ ಹೊಸ ನಾಡಿನ ನದಿಯನ್ನೂ ಜನರನ್ನೂ ಎಣ್ಣೆಬಣ್ಣದಲ್ಲಿ ಬರೆದಿಟ್ಟನು. ವಲಸೆ ಬಂದ ಮನೆಯ ಮಗು ತಾನು ಬೆಳೆದ ಊರನ್ನು ಹೇಗೆ ಕಂಡಿತು ಎಂಬ ಪ್ರಶ್ನೆ ಈ ಸಭೆಯಲ್ಲಿ ಕುಳಿತಿರುವ ಯಾವ ತಂದೆತಾಯಿಗೂ ದೂರದ್ದಲ್ಲ.

ಅವನ ಹೆಸರು ಜಾರ್ಜ್ ಕೇಲೆಬ್ ಬಿಂಗ್‌ಹ್ಯಾಮ್. 1811ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದನು. 1819ರಲ್ಲಿ ಅವನ ಕುಟುಂಬವು ಮಿಸ್ಸೂರಿ ನದಿಯ ದಂಡೆಯ ಫ್ರಾಂಕ್ಲಿನ್ ಎಂಬ ಊರಿಗೆ ಬಂದು ನೆಲಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಮೊತ್ತಮೊದಲ ಉಗಿಹಡಗು ಮಿಸ್ಸೂರಿಯ ಪ್ರವಾಹಕ್ಕೆದುರಾಗಿ ಆ ಊರನ್ನು ಮುಟ್ಟಿತ್ತು. ಮರುವರ್ಷ ಚೆಸ್ಟರ್ ಹಾರ್ಡಿಂಗ್ ಎಂಬ ಚಿತ್ರಕಾರನು ಮುದುಕ ಬೇಟೆಗಾರ ಡೇನಿಯಲ್ ಬೂನನ ಮುಖಚಿತ್ರವನ್ನು ಬರೆದು ಮುಗಿಸುವುದಕ್ಕಾಗಿ ಫ್ರಾಂಕ್ಲಿನ್ನಿನಲ್ಲಿ ತಂಗಿದಾಗ, ಒಂಬತ್ತು ವರ್ಷದ ಈ ಹುಡುಗನೇ ಅವನಿಗೆ ಕೈಕೆಲಸದ ನೆರವು ನೀಡಿದನಂತೆ. ಬಣ್ಣದ ಹುಚ್ಚು ಹತ್ತಿದ್ದು ಅಲ್ಲಿಂದ.

ಆದರೆ ಹುಚ್ಚಿಗೆ ಅನುಕೂಲ ಒದಗಲಿಲ್ಲ. 1823ರಲ್ಲಿ ತಂದೆ ತೀರಿಕೊಂಡನು. ತಾಯಿ ಹೆಣ್ಣುಮಕ್ಕಳಿಗೊಂದು ಶಾಲೆ ನಡೆಸಿ ಸಂಸಾರವನ್ನು ಸಾಗಿಸಿದಳು. ಹುಡುಗನು ಬಡಗಿಯ ಬಳಿ ಕೆಲಸ ಕಲಿಯಲು ಸೇರಿದನು. ಅವರು ನೆಲಸಿದ ಫ್ರಾಂಕ್ಲಿನ್ ಊರನ್ನಾದರೂ ನದಿ ಉಳಿಯಗೊಡಲಿಲ್ಲ. 1820ರ ದಶಕದ ಕೊನೆಗೆ ಪ್ರವಾಹವು ಊರನ್ನೇ ತಿಂದುಹಾಕಲು ಜನರು ಎತ್ತರದ ನೆಲಕ್ಕೆ ಹೋಗಿ ಹೊಸ ಫ್ರಾಂಕ್ಲಿನ್ ಕಟ್ಟಿಕೊಂಡರು. ನಮ್ಮ ಚಿತ್ರಕಾರನು ಬಹುಮಟ್ಟಿಗೆ ತನಗೆ ತಾನೇ ಗುರುವಾಗಿ, ಊರೂರು ತಿರುಗಿ ಸಾಹುಕಾರರ ಮುಖಚಿತ್ರಗಳನ್ನು ಬರೆಯುತ್ತ ಕೈ ಪಳಗಿಸಿಕೊಂಡನು.

ಇನ್ನು ನನ್ನ ಹಿಂದೆ ಗೋಡೆಗೆ ತೂಗುಹಾಕಿರುವ ಅಚ್ಚಿನ ಪ್ರತಿಗಳ ಕಡೆಗೆ ತಾವು ದಯಮಾಡಿ ನೋಡಬೇಕು. ಎಡಗಡೆಯದು 1845ರಲ್ಲಿ ಬರೆದದ್ದು. ಮೂಲಚಿತ್ರವು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಅಗಲ ಮೂರಡಿಗಿಂತ ಕೊಂಚ ಹೆಚ್ಚು, ಎತ್ತರ ಎರಡೂವರೆ ಅಡಿಗೆ ಕೊಂಚ ಕಡಿಮೆ, ಅಷ್ಟೇ. ಬೆಳಗಿನ ಮಂಜು. ನದಿ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಮೊದಲಾಯಿತು ಎಂಬುದು ತಿಳಿಯದಂತಿದೆ. ಮರದ ಬೊಡ್ಡೆಯನ್ನು ತೋಡಿ ಮಾಡಿದ ಉದ್ದನೆಯ ದೋಣಿಯೊಂದು ನಮ್ಮೆದುರಿಗೆ ಅಡ್ಡಲಾಗಿ ಸಾಗುತ್ತಿದೆ. ಹಿಂಬದಿಯಲ್ಲಿ ಚೂಪು ಟೊಪ್ಪಿಗೆಯ ಮುದುಕ, ಬಾಯಲ್ಲಿ ಚುಟ್ಟದ ಕೊಳವೆ, ಕೈಯಲ್ಲಿ ಹುಟ್ಟು, ‘ಯಾರಪ್ಪ ನೀವು?’ ಎಂಬಂತೆ ನಮ್ಮನ್ನೇ ದಿಟ್ಟಿಸುತ್ತಿದ್ದಾನೆ. ನಡುವೆ ಸರಕಿನ ಗಂಟಿನ ಮೇಲೆ ಒರಗಿದ ನೀಲಿ ಅಂಗಿಯ ಹುಡುಗ. ಮುಖದಲ್ಲಿ ಮಂದಹಾಸ, ಬಳಿಯಲ್ಲಿ ಬಂದೂಕು, ಹೊಡೆದ ಬಾತುಕೋಳಿ. ಮುಂತುದಿಯಲ್ಲಿ ಸರಪಳಿ ಬಿಗಿದ ಕಪ್ಪು ಕರಡಿಮರಿ. ಅದರ ನೆರಳು ನೀರಿನಲ್ಲಿ ಇಳಿದಿದೆ. ಮಾತಿಲ್ಲ, ಸದ್ದಿಲ್ಲ.

ಚಿತ್ರಕಲೆಯ ಮೇಷ್ಟ್ರು ಎಂಬ ಸಲುಗೆಯಿಂದ ಒಂದು ಮಾತು ಹೇಳುತ್ತೇನೆ. ಎಣ್ಣೆಬಣ್ಣವೆಂದರೆ ಪುಡಿಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಅರೆದದ್ದು. ಉತ್ತರ ಕರ್ನಾಟಕದ ತಾಯಂದಿರು ಚಟ್ನಿಪುಡಿ ಮಾಡುವ ಅಗಸೆಯೇ ಅದು, ಬೇರೆ ಮಾಯೆಯೇನಲ್ಲ. ಈ ಎಣ್ಣೆ ಬಹಳ ನಿಧಾನವಾಗಿ ಆರುತ್ತದೆ. ಆದುದರಿಂದ ಒಂದು ಬಣ್ಣವನ್ನು ಇನ್ನೊಂದರೊಳಕ್ಕೆ ಗೆರೆ ಕಾಣದಂತೆ ಕರಗಿಸಬಹುದು. ಆ ಮಂಜು ಹುಟ್ಟಿದ್ದು ಹಾಗೆ. ಆದರೆ ದೋಣಿ ಮತ್ತು ಜನರ ವಿಷಯದಲ್ಲಿ ಬಿಂಗ್‌ಹ್ಯಾಮ್ ಏನನ್ನೂ ಮಂಜಿಗೆ ಬಿಡಲಿಲ್ಲ. ಒಬ್ಬೊಬ್ಬ ಮನುಷ್ಯನನ್ನೂ ಮೊದಲು ಕಾಗದದ ಮೇಲೆ ಬೇರೆಯಾಗಿ ಬರೆದು, ಅಂಗಿಯ ಮಡಿಕೆ, ಕೂತ ಭಂಗಿ, ಬೆರಳಿನ ತಿರುವು ಎಲ್ಲವನ್ನೂ ತಿದ್ದಿ, ಆಮೇಲೆ ಅದನ್ನು ಚಿತ್ರಪಟಕ್ಕೆ ಇಳಿಸುತ್ತಿದ್ದನು. ಬಣ್ಣದ ಅಡಿಯನ್ನು ಕಾಣಿಸುವ ಉಪಕರಣಗಳಿಂದ ಈಚೆಗೆ ಪರೀಕ್ಷಿಸಿದವರಿಗೆ ಆ ಅಡಿಗೆರೆಗಳು ಸ್ಪಷ್ಟವಾಗಿ ಕಂಡಿವೆ.

ಈ ಚಿತ್ರದ ಹೆಸರಿನಲ್ಲೊಂದು ಕಥೆಯಿದೆ. ನಾನು ಇಂದು ಹೇಳಬೇಕೆಂದಿರುವುದೂ ಅದನ್ನೇ. ಈಗ ಇದನ್ನು ‘ಮಿಸ್ಸೂರಿಯಲ್ಲಿ ಇಳಿದುಬರುತ್ತಿರುವ ತುಪ್ಪುಳುದೊಗಲಿನ ವ್ಯಾಪಾರಿಗಳು’ ಎಂದು ಕರೆಯುತ್ತಾರೆ. ಬಿಂಗ್‌ಹ್ಯಾಮ್ ಇಟ್ಟ ಹೆಸರು ಇದಲ್ಲ. ‘ಫ್ರೆಂಚ್ ವ್ಯಾಪಾರಿ, ಬೆರಕೆ ಸಂತಾನದ ಮಗ’ ಎಂಬರ್ಥ ಬರುವ ಹೆಸರನ್ನು ಅವನು ಕೊಟ್ಟಿದ್ದನು. ‘ಬೆರಕೆ’ ಎಂಬ ಶಬ್ದ ಇಂದಿನ ಕಿವಿಗೆ ಹೀನವಾಗಿ ಕೇಳುತ್ತದೆ. ಅಂದೂ ಅದರಲ್ಲಿ ಗೌರವವಿರಲಿಲ್ಲ. ಆದರೂ ಆ ಹೆಸರು ಒಂದು ಸತ್ಯವನ್ನು ಹೇಳುತ್ತಿತ್ತು: ಇವರಿಬ್ಬರು ತಂದೆಮಕ್ಕಳು, ಮಗನ ತಾಯಿ ಆ ನೆಲದ ಮೂಲನಿವಾಸಿಗಳ ಮನೆಯವಳು. ನದಿಯ ಮೇಲೆ ತೊಗಲಿನ ವ್ಯಾಪಾರ ನಡೆಸುತ್ತಿದ್ದ ಫ್ರೆಂಚರು ಅಲ್ಲಿಯ ಜನಗಳಲ್ಲಿ ಮದುವೆಯಾಗಿ, ತಲೆಮಾರುಗಳಿಂದ ಒಕ್ಕಲಾಗಿದ್ದರು. ಅಂಥ ಮನೆಯಲ್ಲಿ ತಂದೆಯ ಭಾಷೆಯೊಂದು, ತಾಯಿಯ ಭಾಷೆಯೊಂದು. 1803ರಲ್ಲಿ ಆ ಸೀಮೆ ಅಮೆರಿಕದ ಕೈಸೇರಿದ ಮೇಲೆ ಸಂತೆಗೂ ಕಚೇರಿಗೂ ಇಂಗ್ಲಿಷೆಂಬ ಮೂರನೆಯದು.

ಚಿತ್ರವನ್ನು ಕೊಂಡದ್ದು ನ್ಯೂಯಾರ್ಕಿನ ಅಮೆರಿಕನ್ ಆರ್ಟ್ ಯೂನಿಯನ್ ಎಂಬ ಸಂಸ್ಥೆ. ವರ್ಷಕ್ಕೆ ಐದು ಡಾಲರ್ ಚಂದಾ ಕೊಟ್ಟ ಸದಸ್ಯರಿಗೆ ಅದು ಒಂದು ಅಚ್ಚಿನ ಚಿತ್ರವನ್ನು ಹಂಚುತ್ತಿತ್ತು. ಕೊಂಡ ಮೂಲಚಿತ್ರಗಳನ್ನು ಚೀಟಿ ಎತ್ತಿ ಸದಸ್ಯರಿಗೆ ಕೊಡುತ್ತಿತ್ತು. ಈ ಚೀಟಿಯಾಟವು ಕಾನೂನುಬಾಹಿರವೆಂದು 1852ರಲ್ಲಿ ನ್ಯಾಯಾಲಯ ತೀರ್ಮಾನಿಸಿತೆನ್ನಿ. ಅದು ಬೇರೆ ಮಾತು. ಆ ಸಂಸ್ಥೆಯವರು ಚಿತ್ರದ ಹೆಸರನ್ನು ಬದಲಾಯಿಸಿದರು. ಫ್ರೆಂಚನೂ ಹೋದ, ಮಗನೂ ಹೋದ, ಹೆಸರಿಲ್ಲದೆಯೇ ಅಲ್ಲಿದ್ದ ತಾಯಿಯೂ ಹೋದಳು. ಉಳಿದವರು ಬರಿಯ ‘ವ್ಯಾಪಾರಿಗಳು’. ಪಟ್ಟಣದ ಗಿರಾಕಿಗೆ ಅಷ್ಟು ಸಾಕಾಗಿತ್ತು. ಒಂದು ಸಂಸಾರವು ಒಂದು ಕಸಬಾಗಿಬಿಟ್ಟಿತು.

ಮಹನೀಯರೇ, ಇದನ್ನು ಓದಿದ ದಿನ ನಾನು ಮನೆಗೆ ಹೋಗಿ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆ. ಅದರಲ್ಲಿ ನಮ್ಮ ತಂದೆಯವರು ಊರಿನಿಂದ ತಂದ ಒಂದು ಗುಂಪು ಫೋಟೋ ಇದೆ. ಹನ್ನೊಂದು ಜನರಿದ್ದಾರೆ. ನಾಲ್ವರ ಹೆಸರು ಮಾತ್ರ ನನಗೆ ಗೊತ್ತು. ಮಿಕ್ಕವರನ್ನು ನನ್ನ ಮೊಮ್ಮಗಳು “ಇವರು ಯಾರು, ತಾತ?” ಎಂದು ಕೇಳಿದಾಗ “ಊರಿನವರು” ಎಂದು ಹೇಳಿದೆ. ನಾನೂ ನ್ಯೂಯಾರ್ಕಿನವರ ಕೆಲಸವನ್ನೇ ಮಾಡಿದೆನಲ್ಲವೆ?

ನಡುವಿನ ಚಿತ್ರಕ್ಕೆ ಬರೋಣ. ‘ಉಲ್ಲಾಸದ ದೋಣಿಗರು’ ಎಂಬ ಈ ಚಿತ್ರ 1846ರದು. ಚಪ್ಪಟೆ ತಳದ ಸರಕುದೋಣಿಯ ಮೇಲೆ ಎಂಟು ಜನ. ಒಬ್ಬ ಪಿಟೀಲು ಬಾರಿಸುತ್ತಾನೆ, ಒಬ್ಬ ಬಾಣಲೆಯನ್ನೇ ತಮಟೆ ಮಾಡಿಕೊಂಡಿದ್ದಾನೆ, ನಡುವೆ ಒಬ್ಬ ಕೈಯೆತ್ತಿ ಕುಣಿಯುತ್ತಾನೆ. ಇಂಥ ದೋಣಿಗಳು ಹೊಳೆಯ ಹರಿವಿನೊಡನೆ ಕೆಳಕ್ಕೆ ಹೋಗಬಲ್ಲವೇ ಹೊರತು ಮೇಲಕ್ಕೆ ಬರಲಾರವು. ನ್ಯೂ ಆರ್ಲಿಯನ್ಸ್ ಮುಟ್ಟಿದ ಮೇಲೆ ಸರಕನ್ನು ಮಾರಿ, ದೋಣಿಯನ್ನೂ ಒಡೆದು ಹಲಗೆಯ ಬೆಲೆಗೆ ಮಾರಿ ಜನ ಹಿಂದಿರುಗುತ್ತಿದ್ದರು. ಮುಂದೆ ರಾಷ್ಟ್ರಾಧ್ಯಕ್ಷನಾದ ಅಬ್ರಹಾಂ ಲಿಂಕನ್ ತರುಣನಾಗಿದ್ದಾಗ 1828ರಲ್ಲಿಯೂ 1831ರಲ್ಲಿಯೂ ಇಂಥ ದೋಣಿಯಲ್ಲಿಯೇ ಆ ಪಟ್ಟಣಕ್ಕೆ ಹೋಗಿದ್ದನು. ಈ ಚಿತ್ರದ ಅಚ್ಚಿನ ಪ್ರತಿಯನ್ನು ಆರ್ಟ್ ಯೂನಿಯನ್ ತನ್ನ ಸಾವಿರಾರು ಸದಸ್ಯರಿಗೆ ಹಂಚಿತು. ಮಿಸ್ಸೂರಿಯ ಚಿತ್ರಕಾರನ ಹೆಸರು ಪೂರ್ವದ ಪಟ್ಟಣಗಳ ನಡುಮನೆಗಳನ್ನು ಹೊಕ್ಕಿತು. ಮೂಲಚಿತ್ರವು 2015ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಸೇರಿದೆ.

ಬಲಗಡೆಯ ಚಿತ್ರ 1852ರ ‘ಕೌಂಟಿಯ ಚುನಾವಣೆ’. ಬಿಂಗ್‌ಹ್ಯಾಮ್ ಚುನಾವಣೆಗೂ ನಿಂತ ಮನುಷ್ಯ. 1846ರಲ್ಲಿ ಮೂರೇ ಮತಗಳಿಂದ ಗೆದ್ದನು. ಎದುರಾಳಿ ತಕರಾರು ಹೂಡಿ ಆ ಸ್ಥಾನವನ್ನು ಕಿತ್ತುಕೊಂಡನು. 1848ರಲ್ಲಿ ಅದೇ ಎದುರಾಳಿಯನ್ನು ಸೋಲಿಸಿ ಶಾಸನಸಭೆಗೆ ಹೋದನು. ಆದುದರಿಂದ ಈ ಚಿತ್ರ ಕೇಳಿ ಬರೆದದ್ದಲ್ಲ. ಆಗ ಅಲ್ಲಿ ಮತಪತ್ರವಿರಲಿಲ್ಲ. ಮೆಟ್ಟಲ ಮೇಲೆ ನಿಂತು ಪ್ರಮಾಣ ಮಾಡಿ, ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಅಭ್ಯರ್ಥಿಯು ಟೊಪ್ಪಿಗೆ ಎತ್ತಿ ನಮಸ್ಕರಿಸುತ್ತ ಚೀಟಿ ನೀಡುತ್ತಿದ್ದಾನೆ. ಕುಡಿದು ಕಾಲು ಸೋತವನೊಬ್ಬನನ್ನು ಮತ ಹಾಕಿಸಲು ಎಳೆದು ತರುತ್ತಿದ್ದಾರೆ. ತಲೆಗೆ ಪಟ್ಟಿ ಕಟ್ಟಿಕೊಂಡವನೊಬ್ಬ ಮೂಲೆಯಲ್ಲಿ ಕುಸಿದು ಕೂತಿದ್ದಾನೆ. ಜನತೆಯ ಇಚ್ಛೆಯೇ ಪರಮ ಕಾನೂನೆಂದು ಸಾರುವ ಪತಾಕೆಯೊಂದು ಇವರೆಲ್ಲರ ಹಿಂದೆ ಹಾರಾಡುತ್ತಿದೆ. ತಾವು ನಗುತ್ತಿದ್ದೀರಿ, ನಗುವುದಕ್ಕೆ ಕಾರಣವನ್ನು ನಾನು ವಿವರಿಸಬೇಕಾಗಿಲ್ಲ.

ಆದರೆ ಎಡಮೂಲೆಯನ್ನು ನೋಡಿ. ಕಪ್ಪು ಮನುಷ್ಯನೊಬ್ಬ ಬಿಳಿಯನಿಗೆ ಪಾನೀಯವನ್ನು ಬಗ್ಗಿಸುತ್ತಿದ್ದಾನೆ. ಮತವಿಲ್ಲದವನು ಅವನು. ಬಿಂಗ್‌ಹ್ಯಾಮನ ಸ್ವಂತ ಮನೆಯಲ್ಲಿಯೂ ಗುಲಾಮರಿದ್ದರು. ಗುಲಾಮಗಿರಿಯು ಹೊಸ ಸೀಮೆಗಳಿಗೆ ಹಬ್ಬಬಾರದೆಂದು ವಾದಿಸಿದವನು, ಒಳಯುದ್ಧದಲ್ಲಿ ಒಕ್ಕೂಟದ ಪಕ್ಷಕ್ಕೆ ನಿಂತು ತನ್ನ ರಾಜ್ಯದ ಖಜಾಂಚಿಯಾದವನು. ಆದರೂ ಈ ಸಂಗತಿಯನ್ನು ಮರೆಮಾಚಲಾಗದು. ಹಾಗೆಯೇ ‘ಗಡಿನಾಡು’ ಎಂದು ಅಮೆರಿಕನ್ನರು ಹೆಮ್ಮೆಯಿಂದ ಕರೆದ ಆ ನೆಲ ಖಾಲಿ ಬಿದ್ದಿದ್ದ ನೆಲವಲ್ಲ. ಓಸೇಜ್ ಜನರು 1808ರ ಮತ್ತು 1825ರ ಒಪ್ಪಂದಗಳಲ್ಲಿ ಮಿಸ್ಸೂರಿಯ ತಮ್ಮ ನೆಲವನ್ನು ಬಿಟ್ಟುಕೊಡಬೇಕಾಯಿತು. ದೋಣಿಯ ಚಿತ್ರವನ್ನು ಬರೆದ ವರ್ಷವೇ ಬಿಂಗ್‌ಹ್ಯಾಮ್ ಇನ್ನೊಂದು ಚಿತ್ರ ಬರೆದನು: ಬಂಡೆಯ ಮರೆಯಲ್ಲಿ ಬಂದೂಕು ಹಿಡಿದು ಹೊಂಚು ಹಾಕಿರುವ ಓಸೇಜ್ ಯೋಧ. ಅದರ ಹೆಸರು ‘ಅಡಗಿದ ಶತ್ರು’. ಯಾರ ನೆಲದಲ್ಲಿ ಯಾರು ಶತ್ರು ಎಂದು ಆ ಚಿತ್ರವನ್ನು ಕೇಳಬೇಕೆನಿಸುತ್ತದೆ. ಒಂದು ಚಿತ್ರದಲ್ಲಿ ಹಗೆಯಾಗಿ ಕಂಡ ಜನರ ಮಗಳ ಮಗನೇ ಇನ್ನೊಂದರಲ್ಲಿ ಗಂಟಿನ ಮೇಲೆ ಒರಗಿ ನಗುತ್ತಿದ್ದಾನೆ. ಎರಡನ್ನೂ ಬರೆದದ್ದು ಒಂದೇ ಕೈ. ದೊಡ್ಡ ಕಲಾವಿದನ ಕಣ್ಣಿಗೂ ಬೀಳದ ಜಾಗ ಇರುತ್ತದೆಂಬುದನ್ನು ಮಕ್ಕಳಿಗೆ ಹೇಳಿಯೇ ಇಂಥ ಚಿತ್ರಗಳನ್ನು ತೋರಿಸಬೇಕು.

ಬಿಂಗ್‌ಹ್ಯಾಮ್ 1879ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ತೀರಿಕೊಂಡನು. ಆಮೇಲೆ ಅರ್ಧ ಶತಮಾನ ಅವನನ್ನು ಹೊರಗಿನ ಜನ ಹೆಚ್ಚುಕಡಿಮೆ ಮರೆತರು. 1933ರಲ್ಲಿ ಮೆಟ್ರೊಪಾಲಿಟನ್ ಸಂಗ್ರಹಾಲಯವು ದೋಣಿಯ ಚಿತ್ರವನ್ನು ಕೊಂಡಿತು. 1934ರಲ್ಲಿ ಸೇಂಟ್ ಲೂಯಿಯಲ್ಲಿಯೂ 1935ರಲ್ಲಿ ನ್ಯೂಯಾರ್ಕಿನಲ್ಲಿಯೂ ಪ್ರದರ್ಶನಗಳಾದವು. ಅಲ್ಲಿಂದ ಅವನಿಗೆ ಎರಡನೆಯ ಜನ್ಮ.

ಕಡೆಯದಾಗಿ ಒಂದು ಸಂಗತಿ. ಅವನು ಕಾಗದದ ಮೇಲೆ ಬರೆದಿಟ್ಟ ದೋಣಿಗರ, ರೈತರ, ಮತದಾರರ ನೂರಕ್ಕೂ ಹೆಚ್ಚು ರೇಖಾಚಿತ್ರಗಳು ಸೇಂಟ್ ಲೂಯಿಯ ಮರ್ಕೆಂಟೈಲ್ ಗ್ರಂಥಾಲಯದಲ್ಲಿದ್ದವು. 1970ರ ದಶಕದ ಮಧ್ಯದಲ್ಲಿ ಗ್ರಂಥಾಲಯವು ಅವುಗಳನ್ನು ಮಾರಲು ಹೊರಟಿತು. ಬಿಡಿಬಿಡಿಯಾಗಿ ದೇಶಾಂತರ ಹೋಗುವ ಕಾಲ ಬಂತು. ಆಗ ಮಿಸ್ಸೂರಿಯ ಜನರೇ ಚಂದಾ ಎತ್ತಿ, ಒಂದು ಟ್ರಸ್ಟ್ ಮಾಡಿ, ಅಷ್ಟನ್ನೂ ತಮ್ಮ ರಾಜ್ಯದಲ್ಲಿ ಉಳಿಸಿಕೊಂಡರು. ಶಾಲೆಯ ಮಕ್ಕಳು ಕೂಡ ಪುಡಿಕಾಸು ಕೂಡಿಸಿ ಕೊಟ್ಟರು.

ನಾನು ತಮ್ಮಲ್ಲಿ ಚಂದಾ ಕೇಳುವುದಿಲ್ಲ, ಅದಕ್ಕೆ ಖಜಾಂಚಿಗಳಿದ್ದಾರೆ. ನನ್ನ ಬೇಡಿಕೆ ಚಿಕ್ಕದು. ತಮ್ಮ ಮನೆಯ ಟ್ರಂಕಿನಲ್ಲಿಯೂ ಊರಿನ ಫೋಟೋಗಳಿರುತ್ತವೆ. ಈ ದೀಪಾವಳಿಯ ರಜೆಯಲ್ಲಿ ಮನೆಯ ಹಿರಿಯರನ್ನು ಕೂಡಿಸಿಕೊಂಡು ಅವುಗಳನ್ನು ಇಳಿಸಿ. ಯಾರು, ಯಾವೂರು, ಯಾರ ಮಗಳು, ಯಾರ ಸೊಸೆ ಎಂದು ಬೆನ್ನ ಮೇಲೆ ಕನ್ನಡದಲ್ಲಿ ಬರೆಯಿರಿ. ಬರೆಯುವ ಕೆಲಸವನ್ನು ಮಕ್ಕಳಿಗೇ ಕೊಡಿ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಮಕ್ಕಳು ತಾವು ಬೆಳೆಯುತ್ತಿರುವ ಈ ಊರಿನ ಬೀದಿಯನ್ನೋ ಹಾಲಿನವನನ್ನೋ ಬರೆದು ತಂದರೆ ಅದನ್ನೂ ಎಸೆಯಬೇಡಿ. ಇದೂ ಅವರ ಊರೇ. ಆ ಕಾಗದದ ಬೆನ್ನ ಮೇಲೂ ಹೆಸರಿರಲಿ.

ನಮ್ಮ ತಂದೆಯವರ ಫೋಟೋದ ಏಳು ಜನರ ಹೆಸರು ತಿಳಿದ ಒಬ್ಬರು ಊರಿನಲ್ಲಿ ಇನ್ನೂ ಇದ್ದಾರೆ. ನನ್ನ ಸೋದರತ್ತೆ, ವಯಸ್ಸು ತೊಂಬತ್ತು ದಾಟಿದೆ. ಮುಂದಿನ ವಾರದ ಗಾಡಿಗೆ ಟಿಕೆಟ್ಟು ಮಾಡಿಸಿದ್ದೇನೆ. ಮೊಮ್ಮಗಳೂ ನನ್ನ ಜತೆ ಬರುತ್ತಾಳೆ, ಪೆನ್ಸಿಲು ಹಿಡಿದುಕೊಂಡು.